ಐದನೇ ತಿಂಗಳಲ್ಲಿ ಕೇಳಬೇಕಾದ ಪ್ರಶ್ನೆ



2025ರ ಮೇ, ಜೂನ್ ತಿಂಗಳುಗಳನ್ನು ಹಾಸನ ಜಿಲ್ಲೆಯವರು ಅಷ್ಟು ಬೇಗ ಮರೆಯಲಾರರು. ಒಂದರ ಹಿಂದೆ ಒಂದು ಹಠಾತ್ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲ್ಲೆಲ್ಲೂ ಒಂದೇ ಮಾತು, ಹಾರ್ಟ್ ಅಟ್ಯಾಕು. ಗ್ಯಾಸಿನಿಂದ ಎದೆ ಉರಿದವರೂ ಗಾಬರಿಬಿದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆಯೇನೂ ಇಲ್ಲವೆಂದು ಸಮಿತಿ ಹೇಳಿದ ಮೇಲೆ ಜನ ಸ್ವಲ್ಪ ಉಸಿರು ಬಿಟ್ಟರು. ಆ ಗಾಬರಿಯಿಂದ ಆದ ಒಂದು ಲಾಭವೆಂದರೆ ಇಸಿಜಿ, ಎಕೋ, ಸ್ಟೆಂಟ್ ಎಂಬ ಮಾತುಗಳು ಹೊಲ ಉಳುವವರ ಬಾಯಿಗೂ ಬಂದವು.

ನಾನು ಮಕ್ಕಳ ವೈದ್ಯೆ. ಆ ದಿನಗಳಲ್ಲಿ ಮಗುವಿನ ಜ್ವರ ತೋರಿಸಲು ಬಂದ ಅಪ್ಪಂದಿರೂ ಕೊನೆಗೆ ತಮ್ಮ ಎದೆನೋವಿನ ಮಾತು ತೆಗೆಯುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಹೃದಯದ ಕಾಯಿಲೆ ನಲವತ್ತು ದಾಟಿದವರದು, ಬೀಡಿ ಸೇದುವವರದು, ಸಕ್ಕರೆ ಕಾಯಿಲೆಯವರದು ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹುಟ್ಟುವಾಗಲೇ ಹೃದಯದಲ್ಲಿ ದೋಷ ಹೊತ್ತು ಬರುವ ಮಕ್ಕಳ ಸುದ್ದಿ ಯಾವ ಟೀ ಅಂಗಡಿಯಲ್ಲೂ ಬರುವುದಿಲ್ಲ. ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಹೃದಯ ದೋಷವಿರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದು ಅಂದಾಜು. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಆಗಬೇಕು. ಕೆಲವು ಮಕ್ಕಳಿಗಂತೂ ಮೊದಲ ವಾರವೇ ಗಡುವು.

ಆ ಗಡುವು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಶ್ವಾಸಕೋಶಕ್ಕೆ ಕೆಲಸವೇ ಇಲ್ಲದ ಮೇಲೆ ಅಲ್ಲಿಗೆ ಅಷ್ಟೊಂದು ರಕ್ತ ಹೋಗುವುದೂ ಬೇಕಿಲ್ಲ. ಹಾಗಾಗಿ ಆ ರಕ್ತವನ್ನು ಪಕ್ಕದಿಂದ ದಾಟಿಸಲು ಪ್ರಕೃತಿ ಎರಡು ಒಳದಾರಿಗಳನ್ನು ಮಾಡಿಟ್ಟಿದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಂಡಿ. ಶ್ವಾಸಕೋಶಕ್ಕೆ ಹೋಗುವ ನಾಳಕ್ಕೂ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೂ ನಡುವೆ ಒಂದು ಸಣ್ಣ ಕೊಂಡಿ ನಾಳ. ಇವೆರಡು ತೆರೆದಿರುವವರೆಗೆ ಹೃದಯದ ರಚನೆಯಲ್ಲಿ ಎಡವಟ್ಟಿದ್ದರೂ ಸಾಮಾನ್ಯವಾಗಿ ಮಗು ಸಲೀಸಾಗಿ ಬೆಳೆಯುತ್ತದೆ. ಒದೆಯುತ್ತದೆ, ಹೊರಳುತ್ತದೆ, ತೂಕವೂ ಸರಿಯಾಗಿ ಏರುತ್ತದೆ. ಡಾಪ್ಲರ್ ಹಚ್ಚಿದರೆ ನಿಮಿಷಕ್ಕೆ 110ರಿಂದ 160ರ ನಡುವೆ ಎದೆಬಡಿತ ಚೆನ್ನಾಗಿಯೇ ಕೇಳುತ್ತದೆ. ತಾಯಿಗೆ ಯಾವ ಸೂಚನೆಯೂ ಸಿಗುವುದಿಲ್ಲ.

ಹುಟ್ಟಿ ಮೊದಲ ಸಲ ಅತ್ತಾಗ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ, ಹೊಕ್ಕುಳಬಳ್ಳಿ ಕತ್ತರಿಸುತ್ತಾರೆ, ಕಂಡಿ ಮುಚ್ಚತೊಡಗುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಆ ಕೊಂಡಿ ನಾಳವೂ ಮುದುಡಿಕೊಳ್ಳುತ್ತದೆ. ಆರೋಗ್ಯವಾಗಿರುವ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಆ ಕೊಂಡಿಯನ್ನೇ ನೆಚ್ಚಿಕೊಂಡು ಬದುಕಿದ್ದ ಮಗುವಿಗೆ ಅಲ್ಲಿಗೆ ದಾರಿ ಮುಗಿಯಿತು. ಮೊದಲ ದಿನ ಚೆನ್ನಾಗಿದ್ದ ಕೂಸು ಎರಡನೇ ದಿನ ಹಾಲು ಬಿಡುತ್ತದೆ, ಮೂರನೇ ದಿನ ತುಟಿ, ಉಗುರು ನೀಲಿಗಟ್ಟುತ್ತವೆ, ಕೈಕಾಲು ತಣ್ಣಗಾಗುತ್ತವೆ. ಆ ಹೊತ್ತಿಗೆ ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದಿರುವುದೂ ಉಂಟು. ದೃಷ್ಟಿಯಾಯಿತು, ಬಾಲಗ್ರಹ ಎಂದು ತಾಯತ ಕಟ್ಟಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ನಂಜಾಗಿರಬಹುದು, ನ್ಯುಮೋನಿಯಾ ಇರಬಹುದು ಎಂದು ನಾವು ವೈದ್ಯರೂ ಸಂಶಯಪಡುವಷ್ಟರಲ್ಲಿ ಉಳಿದರ್ಧ ದಿನ.

ಅಲ್ಲಿಂದ ಮುಂದೆ ದಾರಿಯ ಲೆಕ್ಕ. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್. ಹಾಸನದಿಂದ ಹೊಳೆನರಸೀಪುರದ ಮೇಲೆ ಮೈಸೂರಿಗೆ ಸುಮಾರು 120. ಚನ್ನರಾಯಪಟ್ಟಣ ದಾಟಿ ಬೆಂಗಳೂರಿಗೆ 180ಕ್ಕೂ ಹೆಚ್ಚು. ನೀಲಿಗಟ್ಟಿದ ಮೂರು ದಿನದ ಕೂಸನ್ನು ಆಂಬುಲೆನ್ಸಿನಲ್ಲಿ ಇಷ್ಟು ದೂರ ಸಾಗಿಸುವುದು ಎಂದರೇನು ಎಂಬುದು ಅದರೊಳಗೆ ಕೂತವರಿಗೆ ಮಾತ್ರ ಗೊತ್ತು. ಅದೇ ಮಗು ತಾಯಿಯ ಹೊಟ್ಟೆಯೊಳಗಿದ್ದುಕೊಂಡೇ ಬೆಂಗಳೂರು ಸೇರಿದರೆ ಅಷ್ಟು ಸುರಕ್ಷಿತ ಪ್ರಯಾಣ ಇನ್ನೊಂದಿಲ್ಲ. ಹುಟ್ಟುವ ಮುನ್ನವೇ ಹೃದಯ ನೋಡಿ ತಿಳಿದುಕೊಳ್ಳುವುದರ ದೊಡ್ಡ ಪ್ರಯೋಜನ ನನ್ನ ಪ್ರಕಾರ ಇದೇ. ಹೆರಿಗೆ ಎಲ್ಲಿ ಆಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬಹುದು.

ಹೊಟ್ಟೆಯೊಳಗಿನ ಹೃದಯ ಕಾಣುವುದು ಶಬ್ದದಿಂದ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಶಬ್ದ ಕೇಳುತ್ತದೆ. ಸ್ಕ್ಯಾನಿಂಗ್ ಯಂತ್ರದ ಪ್ರೋಬ್, ಅಂದರೆ ಹೊಟ್ಟೆಯ ಮೇಲೆ ಹಿಡಿಯುವ ಸಾಧನ, ಸೆಕೆಂಡಿಗೆ ಹಲವು ದಶಲಕ್ಷ ಕಂಪನದ ಶಬ್ದವನ್ನು ಒಳಗೆ ಬಿಟ್ಟು, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಇದರಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣ ಇಲ್ಲ. ಕಿವಿಗೆ ಕೇಳದ ಇಂಥ ಶಬ್ದದ ಅಲೆಗಳ ಮೇಲೆ ನಮ್ಮ ಬೆಂಗಳೂರಿನಲ್ಲೇ, 1935-36ರಲ್ಲಿ, ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ದೊಡ್ಡ ಕೆಲಸ ಮಾಡಿದ್ದರು. ಅವರ ಆಸಕ್ತಿ ಇದ್ದದ್ದು ಆ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದರಲ್ಲಿ, ರೋಗಿಯ ಹೊಟ್ಟೆಯಲ್ಲಲ್ಲ. ಹೊಟ್ಟೆಗೆ ಬಂದದ್ದು ಕಾರ್ಖಾನೆಯ ದಾರಿಯಿಂದ. 1953ರಲ್ಲಿ ಸ್ವೀಡನ್ನಿನ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ ಹಡಗು ಕಟ್ಟುವ ಕಾರ್ಖಾನೆಯಿಂದ, ಲೋಹದ ಬಿರುಕು ಹುಡುಕುವ ಯಂತ್ರವೊಂದನ್ನು ಕಡ ತಂದು ಬದುಕಿರುವ ಮನುಷ್ಯನ ಹೃದಯದ ಅಲುಗಾಟ ದಾಖಲಿಸಿದರು. ಗ್ಲಾಸ್ಗೋದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಬಾಯ್ಲರ್ ಕಾರ್ಖಾನೆಯ ಅಂಥದೇ ಯಂತ್ರದಿಂದ ಶುರುಮಾಡಿ, 1958ರಲ್ಲಿ ಹೊಟ್ಟೆಯೊಳಗಿನ ಗೆಡ್ಡೆ ಮತ್ತು ಭ್ರೂಣದ ಚಿತ್ರಗಳನ್ನು ಜಗತ್ತಿಗೆ ತೋರಿಸಿದರು. ಭ್ರೂಣದ ಹೃದಯದ ಕೋಣೆ, ಕವಾಟ, ನಾಳಗಳನ್ನು ಕ್ರಮವಾಗಿ ನೋಡುವ ಬಗೆಯನ್ನು ಲಂಡನ್ನಿನ ಲಿಂಡ್ಸೆ ಆಲನ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1980ರಲ್ಲಿ. ಆಗ ಆರಂಭವಾದ ವಿದ್ಯೆ ನಮ್ಮ ಜಿಲ್ಲೆಯ ಬಸುರಿಯರಿಗೆ ‘ಅನಾಮಲಿ ಸ್ಕ್ಯಾನಿಂಗ್’ ಎಂಬ ಹೆಸರಿನಲ್ಲಿ ಪರಿಚಯವಾಗಿದೆ.

ಈ ಸ್ಕ್ಯಾನಿಂಗಿನಲ್ಲಿ ಏನು ನೋಡುತ್ತಾರೆ? ಮೊದಲು ಹೃದಯ ಎದೆಯ ಎಡಭಾಗದಲ್ಲಿದೆಯೇ, ಗಾತ್ರ ಸರಿಯಿದೆಯೇ ಎಂದು. ಆಮೇಲೆ ನಾಲ್ಕು ಕೋಣೆಗಳು. ಎಡ ಬಲ ಕೋಣೆಗಳು ಒಂದಕ್ಕೊಂದು ಸರಿಸಮ ಇವೆಯೇ, ನಡುವಿನ ಗೋಡೆ ಪೂರ್ತಿಯಾಗಿದೆಯೇ, ಎರಡು ಕವಾಟ ಬೇರೆಬೇರೆಯಾಗಿ ತೆರೆದು ಮುಚ್ಚುತ್ತಿವೆಯೇ. ಬಹಳ ಕಡೆ ಪರೀಕ್ಷೆ ಇಲ್ಲಿಗೇ ನಿಂತುಬಿಡುವುದುಂಟು, ಅದೇ ತೊಂದರೆ. ನಾಲ್ಕು ಕೋಣೆ ಸರಿಯಾಗಿ ಕಂಡರೂ ಅವುಗಳಿಂದ ಹೊರಡುವ ದೊಡ್ಡ ನಾಳಗಳು ಅದಲುಬದಲಾಗಿರಬಹುದು. ಮಹಾಪಧಮನಿ ಬಲಗಡೆಯಿಂದ ಹೊರಟು, ಶ್ವಾಸಕೋಶದ ನಾಳ ಎಡಗಡೆಯಿಂದ ಹೊರಟರೆ ಕೆಟ್ಟ ರಕ್ತ ಮೈಯಲ್ಲೇ ಸುತ್ತುತ್ತದೆ, ಒಳ್ಳೆಯ ರಕ್ತ ಶ್ವಾಸಕೋಶದಲ್ಲೇ ಸುತ್ತುತ್ತದೆ. ಒಂದಕ್ಕೊಂದು ಸೇರುವುದೇ ಇಲ್ಲ. ನೀಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ‘ಫ್ಯಾಲಟ್’ ಎಂಬ ನಾಲ್ಕು ದೋಷಗಳ ಕೂಟವೂ ಬರೀ ನಾಲ್ಕು ಕೋಣೆಯ ಚಿತ್ರದಲ್ಲಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಕೋಣೆಗಳಾದ ಮೇಲೆ ಎರಡೂ ನಾಳಗಳು ಹೊರಡುವ ಜಾಗ, ಅವು ಒಂದನ್ನೊಂದು ಅಡ್ಡ ಹಾಯುವ ಬಗೆ, ಕೊರಳ ಹತ್ತಿರ ಮೂರು ನಾಳಗಳು ಸಾಲಾಗಿ ಕಾಣುವ ನೋಟ ಇಷ್ಟನ್ನೂ ನೋಡಲೇಬೇಕು. ಕೈ ಪಳಗಿದವರಿಗೆ ಇದಕ್ಕೆ ಬೇಕಾಗುವುದು ಕೆಲವು ನಿಮಿಷ, ಮಗು ಮಗ್ಗುಲು ಬದಲಿಸಿ ಸಹಕರಿಸಿದರೆ. ಇಲ್ಲವಾದರೆ ತಾಯಿಗೆ ಒಂದು ಸುತ್ತು ನಡೆದು ಬಾರಮ್ಮ ಎನ್ನುತ್ತಾರೆ. ಅದನ್ನು ಕೇಳಿ ಹೆದರುವುದು ಬೇಡ.

ಏನಾದರೂ ಸಂಶಯ ಬಂದರೆ ಮುಂದಿನ ಮೆಟ್ಟಿಲು ಫೀಟಲ್ ಎಕೋ. ದೊಡ್ಡವರಿಗೆ ಎದೆಯ ಮೇಲೆ ಮಾಡುವ ಎಕೋ ಪರೀಕ್ಷೆಯನ್ನು ಇಲ್ಲಿ ತಾಯಿಯ ಹೊಟ್ಟೆಯ ಮೇಲಿಂದ ಮಗುವಿನ ಹೃದಯಕ್ಕೆ ಮಾಡುತ್ತಾರೆ. ಇದನ್ನು ಮಾಡುವವರು ಮಕ್ಕಳ ಹೃದ್ರೋಗ ತಜ್ಞರು ಅಥವಾ ಭ್ರೂಣ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು. ಬಣ್ಣದ ಡಾಪ್ಲರಿನಲ್ಲಿ ರಕ್ತ ಪ್ರೋಬಿನ ಕಡೆಗೆ ಬರುತ್ತಿದ್ದರೆ ಸಾಮಾನ್ಯವಾಗಿ ಕೆಂಪು, ದೂರ ಹೋಗುತ್ತಿದ್ದರೆ ನೀಲಿ. ಗೋಡೆಯ ತೂತಿನಲ್ಲಿ ರಕ್ತ ನುಸುಳುವುದು, ಇಕ್ಕಟ್ಟಾದ ಕವಾಟದಲ್ಲಿ ಅದು ಭರ್ರನೆ ಚಿಮ್ಮುವುದು, ಸೋರುವ ಕವಾಟದಲ್ಲಿ ಹಿಂದಕ್ಕೆ ಬರುವುದು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಎದೆಬಡಿತ ತಾಳ ತಪ್ಪಿದ್ದರೆ ಮೇಲಿನ ಕೋಣೆ, ಕೆಳಗಿನ ಕೋಣೆ ಬೇರೆಬೇರೆ ಬಡಿಯುತ್ತಿವೆಯೇ ಎಂದೂ ಅಳೆಯಬಹುದು.

ಈಚಿನ ಯಂತ್ರಗಳಲ್ಲಿ ಸ್ಟಿಕ್ ಎಂಬ ಇನ್ನೊಂದು ವಿಧಾನವಿದೆ. ಪ್ರೋಬನ್ನು ಹೊಟ್ಟೆಯ ಮೇಲೆ ಅಲುಗಿಸದೆ ಹಿಡಿದರೆ ಅದರೊಳಗಿನ ಸಾಧನ ತಾನೇ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಇಡೀ ಎದೆಗೂಡನ್ನು ಸವರಿಕೊಂಡು ಬರುತ್ತದೆ. ಅಷ್ಟರಲ್ಲಿ ಹೃದಯ ಇಪ್ಪತ್ತಕ್ಕೂ ಹೆಚ್ಚು ಸಲ ಬಡಿದಿರುತ್ತದೆ. ಕಂಪ್ಯೂಟರು ಆ ನೂರಾರು ಚಿತ್ರಗಳನ್ನು ಬಡಿತದ ಲಯಕ್ಕೆ ಸರಿಯಾಗಿ ಜೋಡಿಸಿ, ಎಲ್ಲ ಬದಿಯಿಂದಲೂ ತಿರುಗಿಸಿ ನೋಡಬಹುದಾದ ಒಂದು ಬಡಿತದ ಮೂರು ಆಯಾಮದ ಚಲನಚಿತ್ರ ಮಾಡಿಕೊಡುತ್ತದೆ. ಇದರಲ್ಲಿ ನನಗೆ ಇಷ್ಟವಾದದ್ದು ಚಿತ್ರದ ಅಂದಚೆಂದವಲ್ಲ. ಆ ಕಡತವನ್ನು ಬೇರೆ ಊರಿಗೆ ಕಳಿಸಬಹುದು! ಹೊಳೆನರಸೀಪುರದಲ್ಲಿ ತೆಗೆದ ಚಿತ್ರವನ್ನು ಬೆಂಗಳೂರಿನ ತಜ್ಞರು ತಮ್ಮ ಮೇಜಿನ ಮುಂದೆ ಕೂತು, ತಾಯಿ ಎದುರಿಗಿಲ್ಲದೆಯೂ, ತಿರುಗಿಸಿ ತಿರುಗಿಸಿ ನೋಡಬಹುದು. ಎಕ್ಸ್‌ರೇ, ಇಸಿಜಿಗಳನ್ನು ಫೋನಿನಲ್ಲಿ ಕಳಿಸುವುದು ನಮಗೆಲ್ಲ ರೂಢಿಯಾಗಿದೆ. ಇದನ್ನು ಮಾತ್ರ ಯಾಕೆ ರೂಢಿ ಮಾಡಬಾರದು ಎಂಬುದು ನನ್ನ ಪ್ರಶ್ನೆ. ಹೃದಯಾಘಾತದ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಿಂದ ಜಯದೇವದ ತಜ್ಞರಿಗೆ ಕಳಿಸುವ ಏರ್ಪಾಡು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಆಗಲೇ ಇದೆ. ಹುಟ್ಟದ ಮಗುವಿನ ಹೃದಯಕ್ಕೂ ಅಂಥದೊಂದು ದಾರಿ ಬೇಕು. ಕಂಪ್ಯೂಟರೇ ಚಿತ್ರ ನೋಡಿ ದೋಷ ಗುರುತಿಸುವ ಪ್ರಯೋಗಗಳೂ ನಡೆದಿವೆ. 2021ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಕಟಿಸಿದ ಕೆಲಸ ಭರವಸೆ ಹುಟ್ಟಿಸುವಂತಿದೆ. ಆದರೂ ಪ್ರೋಬ್ ಹಿಡಿದವರು ಸರಿಯಾದ ಜಾಗ ತೋರಿಸದಿದ್ದರೆ ಕಂಪ್ಯೂಟರ್ ತಾನೇ ಏನು ನೋಡೀತು?

ಫೀಟಲ್ ಎಕೋ ಯಾರಿಗೆ ತಪ್ಪದೆ ಆಗಬೇಕು? ತಾಯಿಗೆ ಬಸಿರಿಗೆ ಮುಂಚಿನಿಂದಲೇ ಸಕ್ಕರೆ ಕಾಯಿಲೆ ಇದ್ದರೆ ಆಗಬೇಕು. ತಾಯಿಗೋ ತಂದೆಗೋ ಮೊದಲ ಮಗುವಿಗೋ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೂ ಆಗಬೇಕು. ಫಿಟ್ಸ್ ಮಾತ್ರೆ, ಮನೋರೋಗದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಲೂಪಸ್ ಇರುವವರು, ಐವಿಎಫ್‌ನಿಂದ ಬಸಿರಾದವರು, ಒಂದೇ ಮಾಸನ್ನು ಹಂಚಿಕೊಂಡಿರುವ ಅವಳಿಗಳ ತಾಯಂದಿರು ಕೂಡ ಈ ಪಟ್ಟಿಯವರೇ. ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಕತ್ತಿನ ಹಿಂದಿನ ನೀರು ಹೆಚ್ಚಾಗಿ ಕಂಡಿದ್ದರೆ, ಡೌನ್ ಸಿಂಡ್ರೋಮಿನ ಸಂಶಯವಿದ್ದರೆ ಖಂಡಿತ ಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ದೋಷವಿರುತ್ತದೆ. ಬಸಿರಿನ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಬಂದರೂ ಮಗುವಿನ ಹೃದಯ ಕೆಡಬಹುದು. 2017ರ ಫೆಬ್ರವರಿಯಲ್ಲಿ ಶಾಲೆ ಶಾಲೆಗೆ ಬಂದು ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ನೆನಪಿರಬೇಕಲ್ಲ, ಅಂದು ಬೇಡವೆಂದು ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರೂ ಇದ್ದರು. ಅಂದು ಚುಚ್ಚಿಸಿಕೊಂಡ ಹುಡುಗಿಯರೇ ಇಂದು ತಾಯಂದಿರಾಗುತ್ತಿದ್ದಾರೆ.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ, ಕೇಳಿ ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು, ಸೋದರತ್ತೆ ಸೋದರಮಾವನ ಮಕ್ಕಳು ಮದುವೆಯಾಗುವುದು ಇನ್ನೂ ಇದೆ. ಹೊಲ ಮನೆ ಒಡೆಯಬಾರದು, ಹುಡುಗಿ ಕಣ್ಮುಂದೆ ಇರಲಿ ಎಂಬ ಆಸೆ ಅದರ ಹಿಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಎನ್. ಬಿ. ರಾಮಚಂದ್ರ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತಸಂಬಂಧದ ಮದುವೆಗೂ ಮಕ್ಕಳ ಹೃದಯ ದೋಷಕ್ಕೂ ನಂಟಿರುವುದು ಕಂಡುಬಂತು. ನಮ್ಮ ಪಕ್ಕದ ಊರಿನ ಮಕ್ಕಳನ್ನು ನೋಡಿ ಹೇಳಿದ ಮಾತದು. ಆದ ಮದುವೆಯನ್ನು ಬಿಡಿಸಲಾಗದು. ಆದರೆ ಸ್ಕ್ಯಾನಿಂಗ್ ಕೋಣೆಯಲ್ಲಿ ‘ನಮ್ಮದು ಸಂಬಂಧದಲ್ಲೇ ಆದ ಮದುವೆ’ ಎಂದು ಬಾಯಿಬಿಟ್ಟು ಹೇಳಬಹುದಲ್ಲ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟು ಸತ್ಯ. ಹೃದಯ ದೋಷವಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳ ತಾಯಂದಿರಿಗೆ ಮೇಲಿನ ಯಾವ ಕಾರಣವೂ ಇರುವುದಿಲ್ಲ. ವಯಸ್ಸು ಚಿಕ್ಕದು, ರಕ್ತ ಸರಿಯಿದೆ, ಬಿಪಿ ಇಲ್ಲ, ಶುಗರ್ ಇಲ್ಲ, ಮದುವೆಯೂ ಹೊರಗಿನ ಸಂಬಂಧದಲ್ಲಿ. ಹಾಗಾಗಿ ಅಪಾಯದ ಪಟ್ಟಿಯಲ್ಲಿರುವವರನ್ನು ಮಾತ್ರ ನೋಡಿದರೆ ಬಹುಪಾಲು ಮಕ್ಕಳು ತಪ್ಪಿಹೋಗುತ್ತಾರೆ. ಮಾಮೂಲಿ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೇ ಪ್ರತಿಯೊಬ್ಬ ಬಸುರಿಯ ಮಗುವಿನ ಹೃದಯವನ್ನೂ ಸರಿಯಾಗಿ ನೋಡಬೇಕು. ಬೇರೆ ಉಪಾಯವಿಲ್ಲ.

ಯಾವಾಗ? 18ರಿಂದ 20 ವಾರದೊಳಗೆ. ಹೃದಯದ ರಚನೆ ಎರಡು ಎರಡೂವರೆ ತಿಂಗಳಿಗೇ ಮುಗಿದಿರುತ್ತದೆ, ಆದರೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಾಗುವುದು ಈ ಹೊತ್ತಿಗೆ. ನಮ್ಮಲ್ಲಿ ನಡೆಯುವುದೇ ಬೇರೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿಯುವ, ಬೇಯಿಸುವ ಕಾಲ ಬಂತೆಂದರೆ ಮನೆಯ ಒಂದು ಕೈಯೂ ಬಿಡುವಾಗುವುದಿಲ್ಲ. ಬ್ಯಾರನ್ನಿನ ಒಲೆ ರಾತ್ರಿಹಗಲು ಉರಿಯುತ್ತಿರುತ್ತದೆ. ಹಾಸನದ ಸುತ್ತ ಆಲೂಗೆಡ್ಡೆ ಬಿತ್ತನೆ ಇದ್ದರೆ ಅಲ್ಲೂ ಅದೇ ಕಥೆ. ‘ಈ ಕೆಲಸ ಒಂದು ಮುಗೀಲಿ ಮೇಡಂ, ಆಮ್ಯಾಕೆ ಕರ್ಕೊಂಡು ಬತ್ತೀವಿ’ ಎನ್ನುತ್ತಾರೆ. ಆಮ್ಯಾಕೆ ಬರುವಾಗ ಆರು ತಿಂಗಳು ತುಂಬಿರುತ್ತದೆ.

ಈ ತಡಕ್ಕೆ ಕಾನೂನಿನ ಲೆಕ್ಕವೂ ಸೇರಿಕೊಂಡಿದೆ. 2021ರ ತಿದ್ದುಪಡಿಯಾದ ಮೇಲೆ ಗರ್ಭಪಾತ ಕಾಯ್ದೆ ಕೆಲವು ಗೊತ್ತಾದ ಸಂದರ್ಭಗಳಲ್ಲಿ 24 ವಾರದವರೆಗೆ ಅವಕಾಶ ಕೊಡುತ್ತದೆ. ಅದರಾಚೆಗೆ, ಭ್ರೂಣದಲ್ಲಿ ತೀವ್ರ ದೋಷವಿದ್ದರೆ, ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. 19ನೇ ವಾರದಲ್ಲಿ ಸಂಶಯ ಬಂದರೆ ಫೀಟಲ್ ಎಕೋ ಮಾಡಿಸಲು, ಇನ್ನೊಬ್ಬ ತಜ್ಞರನ್ನು ಕೇಳಲು, ಗಂಡ ಹೆಂಡತಿ ಕೂತು ಯೋಚಿಸಲು ಸಮಯವಿರುತ್ತದೆ. 23ನೇ ವಾರದಲ್ಲಿ ಬಂದರೆ ಎಲ್ಲವೂ ಕೆಲವೇ ದಿನಗಳಲ್ಲಿ ಆಗಬೇಕು. ಅವಸರದಲ್ಲಿ ಒಳ್ಳೆಯ ತೀರ್ಮಾನ ಬರುವುದು ಕಷ್ಟ.

ತೀರ್ಮಾನದ ಮಾತು ಬಂದದ್ದರಿಂದ ಹೇಳುತ್ತೇನೆ. ‘ಹೃದಯದಲ್ಲಿ ಹೋಲ್ ಇದೆಯಂತೆ’ ಎಂಬ ಒಂದೇ ಮಾತಿಗೆ ಹೆದರಿ ಬಸಿರು ತೆಗೆಸಲು ಓಡುವುದಿದೆಯಲ್ಲ, ಅದು ಸರಿಯಲ್ಲ. ತೂತುಗಳಲ್ಲಿ ಎಷ್ಟೋ ತಾವಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚದವನ್ನು ಆಪರೇಷನ್ನಿನಿಂದಲೋ, ತೊಡೆಯ ನಾಳದ ಮೂಲಕ ಸಾಧನ ಕೂರಿಸಿಯೋ ಮುಚ್ಚಬಹುದು. ನಾಳಗಳು ಅದಲುಬದಲಾದ ಹೃದಯಕ್ಕೆ 1975ರಲ್ಲಿ ಬ್ರೆಜಿಲ್ಲಿನ ಅದಿಬ್ ಜಟೇನೆ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದರು. ಈಗ ಅದು ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ. ಹುಟ್ಟಿದ ಮೊದಲ ಕೆಲವು ವಾರದಲ್ಲಿ ನಾಳಗಳನ್ನು ಅವುಗಳ ಜಾಗಕ್ಕೆ ಮರಳಿಸಿದರೆ ಆ ಮಗು ಶಾಲೆಗೆ ಹೋಗುತ್ತದೆ, ಓಡುತ್ತದೆ, ಮುಂದೆ ದುಡಿಯುತ್ತದೆ. ಅಲ್ಲಿಯವರೆಗೆ ಕೊಂಡಿ ನಾಳ ಮುಚ್ಚದಂತೆ ತಡೆಯಲು ಪ್ರೊಸ್ಟಗ್ಲಾಂಡಿನ್ ಎಂಬ ಔಷಧಿ ಇದೆ. ಅದನ್ನು ರಕ್ತನಾಳದಲ್ಲಿ ಸತತವಾಗಿ ಕೊಡುತ್ತಿರಬೇಕು. ಹುಟ್ಟುವ ಮೊದಲೇ ಗೊತ್ತಿದ್ದರೆ ಆ ಔಷಧಿ ಹೆರಿಗೆ ಕೋಣೆಯಲ್ಲೇ ಸಿದ್ಧವಾಗಿರುತ್ತದೆ. ಎಲ್ಲ ಹೃದಯಗಳೂ ಸರಿಹೋಗುತ್ತವೆ ಎಂದು ನಾನು ಹೇಳುತ್ತಿಲ್ಲ. ಎಡಭಾಗವೇ ಬೆಳೆಯದ ಹೃದಯಕ್ಕೆ ಹಂತಹಂತವಾಗಿ ಮೂರು ಆಪರೇಷನ್ ಬೇಕು, ಹಾಗೆ ಮಾಡಿದರೂ ಪೂರ್ಣ ಭರವಸೆಯಿಲ್ಲ. ಅಂಥ ಸುದ್ದಿ ಕೇಳಿದ ತಂದೆ ತಾಯಿ ಏನು ತೀರ್ಮಾನಿಸಿದರೂ ಅದನ್ನು ತೂಗಿ ನೋಡುವ ಹಕ್ಕು ಬೇರೆ ಯಾರಿಗೂ ಇಲ್ಲ. ನನ್ನ ಕೋರಿಕೆ ಇಷ್ಟೇ, ಮಕ್ಕಳ ಹೃದ್ರೋಗ ತಜ್ಞರ ಮಾತು ಕೇಳದೆ ತೀರ್ಮಾನಕ್ಕೆ ಬರಬೇಡಿ.

ಕೆಲವು ತೊಂದರೆಗಳಿಗೆ ಹೊಟ್ಟೆಯೊಳಗೇ ಚಿಕಿತ್ಸೆಯಿದೆ. ಮಗುವಿನ ಎದೆ ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಬಡಿಯುತ್ತಿದ್ದರೆ ತಾಯಿಗೆ ಡಿಗಾಕ್ಸಿನ್‌ನಂಥ ಮಾತ್ರೆ ಕೊಡುತ್ತಾರೆ, ಅದು ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ. 2023ರ ಮಾರ್ಚ್‌ನಲ್ಲಿ ದೆಹಲಿಯ ಏಮ್ಸ್ ವೈದ್ಯರು ಇನ್ನೂ ಮುಂದೆ ಹೋದರು. ಅಲ್ಲಿಗೆ ಬಂದಿದ್ದ ಒಬ್ಬ ತಾಯಿ ಹಿಂದೆ ಮೂರು ಸಲ ಬಸಿರು ಕಳೆದುಕೊಂಡಿದ್ದವರು. ಅವರ ಹೊಟ್ಟೆಯೊಳಗೆ ಸೂಜಿ ತೂರಿಸಿ, ದ್ರಾಕ್ಷಿ ಹಣ್ಣಿನಷ್ಟಿದ್ದ ಹೃದಯದ ಇಕ್ಕಟ್ಟಾದ ಕವಾಟವನ್ನು ಬಲೂನಿನಿಂದ ಅಗಲ ಮಾಡಿದರು. ಕೆಲಸ ಮುಗಿದದ್ದು 90 ಸೆಕೆಂಡಿನಲ್ಲಿ. ದಾರಿ ತೋರಿಸಿದ್ದು ಅದೇ ಸ್ಕ್ಯಾನಿಂಗ್ ಯಂತ್ರ.

ಅದೇ ಯಂತ್ರದ ಇನ್ನೊಂದು ಮುಖವೂ ನಮಗೆ ಗೊತ್ತು. 2023ರ ಕೊನೆಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗಂಡೋ ಹೆಣ್ಣೋ ಹೇಳುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿಬಿತ್ತು. 1994ರ ಕಾಯ್ದೆ ಇದನ್ನು ತಡೆಯಲೆಂದೇ ಬಂದದ್ದು. ಪ್ರತಿ ಯಂತ್ರಕ್ಕೂ ನೋಂದಣಿ, ಪ್ರತಿ ಬಸುರಿಗೂ ‘ಎಫ್’ ನಮೂನೆ, ಗೋಡೆಯ ಮೇಲೆ ಎಚ್ಚರಿಕೆಯ ಬೋರ್ಡು ಎಲ್ಲವೂ ಅದಕ್ಕಾಗಿಯೇ. ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದ ಸೊಸೆಯನ್ನು ‘ಏನಂದ್ರು?’ ಎಂದು ಕಣ್ಣಲ್ಲೇ ಕೇಳುವ ಅತ್ತೆಯಂದಿರಿಗೆ ಒಂದು ಮಾತು: ಆ ಪ್ರಶ್ನೆಯನ್ನು ಬಿಟ್ಟು ಹೃದಯದ ಪ್ರಶ್ನೆ ಕೇಳಿ. ಉತ್ತರ ಹೇಳಲು ವೈದ್ಯರಿಗೂ ಸಂತೋಷ.

ದೋಷ ಕಂಡುಬಂದಾಗ ಸೊಸೆಯ ಮೇಲೆ ಗೂಬೆ ಕೂರಿಸುವುದೂ ನಮ್ಮಲ್ಲಿದೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು, ಕುಡುಗೋಲು ಮುಟ್ಟಿದ್ದಳು, ಪಪ್ಪಾಯಿ ತಿಂದಿದ್ದಳು. ಇವುಗಳಲ್ಲಿ ಯಾವುದರಿಂದಲೂ ಹೃದಯದ ಗೋಡೆಯಲ್ಲಿ ತೂತು ಬೀಳುವುದಿಲ್ಲ. ಹೃದಯ ರೂಪುಗೊಂಡು ಮುಗಿಯುವಾಗ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಗಟ್ಟಿಯಾಗಿ ಗೊತ್ತಿರುವುದಿಲ್ಲ.

ನಮ್ಮ ಒಂದು ಒಳ್ಳೆಯ ಪದ್ಧತಿಯಿಂದಲೇ ಆಗುವ ತೊಡಕೊಂದನ್ನು ಈಗ ಹೇಳಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ. ಹುಡುಗಿಯನ್ನು ಕೊಟ್ಟದ್ದು ಹೊಳೆನರಸೀಪುರಕ್ಕೆ, ತವರು ಚನ್ನರಾಯಪಟ್ಟಣ. ಐದನೇ ತಿಂಗಳ ಸ್ಕ್ಯಾನಿಂಗ್ ಗಂಡನ ಊರಿನಲ್ಲಿ ಆಗಿರುತ್ತದೆ. ಏಳರಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು, ಹಸಿರು ಬಳೆ ತೊಟ್ಟು ತವರಿಗೆ ಬರುತ್ತಾಳೆ. ಜೊತೆಗೆ ಸೀರೆ ಬರುತ್ತದೆ, ಚಿಗಳಿ ತಂಬಿಟ್ಟು ಬರುತ್ತವೆ, ಸ್ಕ್ಯಾನಿಂಗ್ ರಿಪೋರ್ಟು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ತವರಿನ ವೈದ್ಯರಿಗೆ ಹಿಂದಿನದೇನೂ ಗೊತ್ತಿಲ್ಲ. ‘ಸ್ಕ್ಯಾನಿಂಗ್ ಆಗಿದೆಯಾ?’ ‘ಆಗಿದೆ ಸಾರ್, ಮಗು ಚೆನ್ನಾಗಿದೆ ಅಂದವ್ರೆ.’ ಅಲ್ಲಿಗೆ ಮಾತು ಮುಗಿಯಿತು. ‘ಹೃದಯ ಸರಿಯಾಗಿ ಕಂಡಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು’ ಎಂದು ಆ ರಿಪೋರ್ಟಿನ ಕೆಳಗೆ ಬರೆದಿದ್ದರೆ ಅದನ್ನು ಓದುವವರು ಯಾರು? ಆಶಾ ಕಾರ್ಯಕರ್ತೆಯೂ ಬದಲಾಗಿರುತ್ತಾಳೆ, ಆಸ್ಪತ್ರೆಯೂ ಬದಲಾಗಿರುತ್ತದೆ. ತಾಯಿ ಕಾರ್ಡಿನ ಜೊತೆಗೆ ಎಲ್ಲ ರಿಪೋರ್ಟುಗಳೂ ಹುಡುಗಿಯ ಜೊತೆಗೇ ಹೋಗಬೇಕು. ಹೃದಯದಲ್ಲಿ ತೊಂದರೆ ಇದೆ ಎಂದು ಗೊತ್ತಾದ ಮೇಲೂ ‘ಮೊದಲ ಹೆರಿಗೆ, ತವರಲ್ಲೇ ಆಗಲಿ’ ಎಂದು ಹಟ ಹಿಡಿಯಬೇಡಿ. ಆ ಮಗುವಿನ ಮಟ್ಟಿಗೆ ಹೃದಯ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯೇ ತವರು. ಬಾಣಂತನ ಆಮೇಲೆ ಅಮ್ಮನ ಮನೆಯಲ್ಲಿ ಧಾರಾಳವಾಗಿ ಆಗಲಿ.

ಸ್ಕ್ಯಾನಿಂಗಿಗೂ ಮಿತಿಗಳಿವೆ. ಮೇಲಿನ ಕೋಣೆಗಳ ನಡುವಿನ ಕಂಡಿ, ಕೊಂಡಿ ನಾಳ ಎರಡೂ ಹೊಟ್ಟೆಯಲ್ಲಿರುವಾಗ ತೆರೆದೇ ಇರಬೇಕಾದವು. ಹುಟ್ಟಿದ ಮೇಲೆ ಅವು ಮುಚ್ಚದೆ ಉಳಿಯುತ್ತವೆಯೇ ಎಂದು ಮೊದಲೇ ಹೇಳಲಾಗದು. ಸಣ್ಣ ತೂತುಗಳು, ಮಹಾಪಧಮನಿಯ ಇಕ್ಕಟ್ಟು ಕಣ್ತಪ್ಪಬಹುದು. ತಾಯಿಯ ಮೈ ದಪ್ಪವಿದ್ದರೆ, ನೀರು ಕಡಿಮೆಯಿದ್ದರೆ ಚಿತ್ರ ಮಸುಕಾಗುತ್ತದೆ. ಆದ್ದರಿಂದ ‘ನಾರ್ಮಲ್’ ಎಂದು ಬರೆದ ರಿಪೋರ್ಟನ್ನು ಗ್ಯಾರಂಟಿ ಪತ್ರ ಎಂದುಕೊಳ್ಳಬೇಡಿ. ಮಗು ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಚ್ಚಿ ಆಮ್ಲಜನಕದ ಮಟ್ಟ ನೋಡಿಸಿ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಹಚ್ಚಿಕೊಂಡಿರಲ್ಲ, ಅದರ ಕೂಸಿನ ಅಳತೆಯದು. ಓದಿಕೆ 95ಕ್ಕಿಂತ ಕಡಿಮೆ ಇದ್ದರೆ, ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮನೆಗೆ ಕರೆದೊಯ್ಯುವ ಮುನ್ನ ವೈದ್ಯರು ಮತ್ತೆ ನೋಡಬೇಕು. ಮುಂದೆ ಮಗು ಹಾಲು ಕುಡಿಯುವಾಗ ಹಣೆ ಬೆವರಿದರೆ, ನಾಲ್ಕು ಗುಟುಕಿಗೆ ಸುಸ್ತಾಗಿ ನಿಲ್ಲಿಸಿದರೆ ಅದನ್ನೂ ಬಂದು ಹೇಳಿ.

ಖರ್ಚಿನ ಭಯಕ್ಕೆ ಉತ್ತರವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದಯ ದೋಷವೂ ಸೇರಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬೆಂಗಳೂರಿನ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತ ಬಂದಿದೆ. ಜಯದೇವ ಸಂಸ್ಥೆಯನ್ನು ದೀರ್ಘಕಾಲ ನಡೆಸಿ, ಬಡವರಿಗೆ ಅದರ ಬಾಗಿಲು ತೆರೆದಿಟ್ಟ ಡಾ. ಸಿ. ಎನ್. ಮಂಜುನಾಥ್ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರೇ. ದಾರಿ ಗೊತ್ತಿಲ್ಲದವರು ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಕೇಳಿದರೆ ಮುಂದಿನ ಹೆಜ್ಜೆ ತಿಳಿಯುತ್ತದೆ.

ಕೊನೆಗೆ, ಕೇಳಬೇಕಾದ ಪ್ರಶ್ನೆ. ಸ್ಕ್ಯಾನಿಂಗ್ ಮುಗಿದು ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುವಾಗಲೇ ಕೇಳಿ: ‘ಡಾಕ್ಟ್ರೇ, ಹೃದಯದ ನಾಲ್ಕು ಕೋಣೆ, ಎರಡು ನಾಳ ಕಂಡ್ವಾ?’ ಕಂಡವು ಎಂದರೆ ರಿಪೋರ್ಟಿನಲ್ಲಿ ಹಾಗೆಂದು ಬರೆಸಿಕೊಳ್ಳಿ. ಕಾಣಲಿಲ್ಲ ಎಂದರೆ ಮತ್ತೆ ಬರಬೇಕಾದ ತಾರೀಖು ಕೇಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ನಿಮ್ಮ ಮನೆಯಲ್ಲಿ ನಾಲ್ಕು ತುಂಬಿ ಐದರಲ್ಲಿರುವ ಬಸುರಿಯಿದ್ದರೆ, ಹೊಲದ ಕೆಲಸ ಒಂದು ದಿನ ನಿಂತರೂ ಚಿಂತೆಯಿಲ್ಲ, ಬರುವ 9ರಂದು ಆಕೆಯನ್ನು ಕರೆದುಕೊಂಡು ಹೋಗಿ.